ತಪ್ಪು ಕನ್ನಡದ್ದಲ್ಲ

ತಡವಾಗಿ ಬಂದ ಹುಡುಗನೊಬ್ಬ ಬಾಗಿಲಲ್ಲಿ ನಿಂತು, 'ಸರ್, ಡೋಂಟ್ ಬಿ ಆಂಗ್ರಿ ಆನ್ ಮಿ' ಎಂದ. ಇಡೀ ತರಗತಿ ನಕ್ಕಿತು. ನಾನೂ ನಕ್ಕೆ. ಆ ವರ್ಷ ಅವನು ಮತ್ತೆ ಇಂಗ್ಲಿಷಿನಲ್ಲಿ ಬಾಯಿ ತೆರೆಯಲಿಲ್ಲ. 'ನನ್ನ ಮ್ಯಾಲೆ ಸಿಟ್ಟಾಗಬ್ಯಾಡ್ರಿ' ಎಂಬುದು ಅವನ ಮನಸ್ಸಿನಲ್ಲಿದ್ದ ಮಾತು. 'ಮ್ಯಾಲೆ' ಎಂದರೆ 'ಆನ್' ಎಂದು ಹೇಳಿಕೊಟ್ಟವನು ನಾನೇ. ಸಿಟ್ಟಿನ ಜೊತೆ 'ವಿತ್' ಬರುತ್ತದೆ ಎಂದು ಹೇಳಿಕೊಡದವನೂ ನಾನೇ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಮಕ್ಕಳ ಇಂಗ್ಲಿಷ್ ಬಗ್ಗೆ ನಾನು ಕೇಳುತ್ತ ಬಂದಿರುವ ತೀರ್ಪು ಒಂದೇ: 'ಕನ್ನಡದಾಗ ವಿಚಾರ ಮಾಡ್ತಾವ, ಅದಕ್ಕ ಹಿಂಗಾಗ್ತದ.' ಈ ತೀರ್ಪನ್ನು ನಾನು ಒಪ್ಪುವುದಿಲ್ಲ. ದೋಷವಿರುವುದು ಒಂದು ಕನ್ನಡ ಪದಕ್ಕೆ ಒಂದು ಇಂಗ್ಲಿಷ್ ಪದವೆಂದು ಬಿಡಿಬಿಡಿಯಾಗಿ ಬಾಯಿಪಾಠ ಮಾಡಿಸುವ ನಮ್ಮ ಪಟ್ಟಿಯಲ್ಲಿ.

ಇಂಡಿಯ ನಿಂಬೆ ತೋಟವನ್ನೇ ನೋಡಿ. ನಮಗೆ ಹಣ್ಣು ಗಿಡದಲ್ಲಿ ಇರುತ್ತದೆ, ಹಕ್ಕಿ ಗಿಡದ ಮೇಲೆ ಕೂರುತ್ತದೆ. ಇಂಗ್ಲಿಷಿನಲ್ಲಿ ಇದು ತಿರುವುಮುರುವು: ಹಣ್ಣು 'ಆನ್ ದ ಟ್ರೀ', ಹಕ್ಕಿ 'ಇನ್ ದ ಟ್ರೀ'. 'ಅಲ್ಲಿ' ಎಂದರೆ 'ಇನ್', 'ಮೇಲೆ' ಎಂದರೆ 'ಆನ್' ಎಂದು ಕಲಿತ ಮಗು ಎರಡೂ ಕಡೆ ಎಡವುತ್ತದೆ, ಅದೂ ಪಾಠವನ್ನು ಶ್ರದ್ಧೆಯಿಂದ ಕಲಿತದ್ದಕ್ಕೆ.

ಪದಗಳ ಜೋಡಿಯ ಕತೆಯೂ ಇದೇ. ನಮ್ಮಲ್ಲಿ ಅರಿವಿ ಒಗೆಯುತ್ತಾರೆ, ಭಾಂಡೆ ತಿಕ್ಕುತ್ತಾರೆ, ಮಾರಿ ತೊಳೆಯುತ್ತಾರೆ. ಇಂಗ್ಲಿಷಿನವನಿಗೆ ಈ ಮೂರಕ್ಕೂ 'ವಾಷ್' ಒಂದೇ ಸಾಕು. ಅವನು ಕನ್ನಡ ಕಲಿಯಲು ಬಂದು 'ಮಾರಿ ಒಗೀತೀನಿ' ಎಂದರೆ ನಾವು ಪ್ರೀತಿಯಿಂದ ತಿದ್ದುತ್ತೇವೆ. ನಮ್ಮ ಮಳೆಯೂ ಜೋರು, ಗಾಳಿಯೂ ಜೋರು. ಅವರಿಗೆ ಮಳೆ 'ಹೆವಿ', ಗಾಳಿ 'ಸ್ಟ್ರಾಂಗ್'. ನಮ್ಮ ಹುಡುಗಿ 'ಸ್ಟ್ರಾಂಗ್ ರೇನ್' ಎಂದರೆ ಮಾತ್ರ ಅದು ಹಳ್ಳಿಯ ಇಂಗ್ಲಿಷ್ ಆಗಿಬಿಡುತ್ತದೆ!

ಯಾವ ಪದ ಯಾವುದರೊಡನೆ ಕೂಡಬಹುದು ಎಂಬ ಚಿಂತೆ ಕನ್ನಡಕ್ಕೆ ಹೊಸದಲ್ಲ. 13ನೇ ಶತಮಾನದ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ಕನ್ನಡ, ಸಂಸ್ಕೃತ ಪದಗಳ ಕೂಟವನ್ನು ಅರಿಸಮಾಸವೆಂದು ದೂರವಿಟ್ಟ. ಬಿರುದಾವಳಿಯಂಥ ಕಡೆ ಅವನೇ ಒಪ್ಪಿಕೊಂಡ. ಅಂಥದೇ ಕೂಟವಾದ 'ಮಳೆಗಾಲ'ವನ್ನು ಇಂದು ಯಾರೂ ತಪ್ಪೆನ್ನುವುದಿಲ್ಲ. ಕಡೆಗೂ ಬಳಕೆಯ ಮಾತೇ ನಡೆಯಿತು.

ಪರಭಾಷಿಕರ ಈ ಕಷ್ಟವನ್ನು ಗಂಭೀರವಾಗಿ ತೆಗೆದುಕೊಂಡ ಇಂಗ್ಲಿಷ್ ಮೇಷ್ಟ್ರುಗಳೂ ಇದ್ದರು. ಜಪಾನಿನಲ್ಲಿ ಕೆಲಸ ಮಾಡುತ್ತಿದ್ದ ಹೆರಾಲ್ಡ್ ಪಾಮರ್ 1933ರಲ್ಲಿ ಇಂಗ್ಲಿಷಿನ ಪದಜೋಡಿಗಳ ದೊಡ್ಡ ವರದಿಯೊಂದನ್ನು ಟೋಕಿಯೋದಲ್ಲಿ ಪ್ರಕಟಿಸಿದ. ಅಲ್ಲೇ ಕಲಿಸುತ್ತಿದ್ದ ಎ.ಎಸ್. ಹಾರ್ನ್‌ಬಿ ಮತ್ತು ಸಂಗಡಿಗರ ನಿಘಂಟು 1942ರಲ್ಲಿ ಬಂತು. ಯಾವ ಕ್ರಿಯಾಪದದ ಹಿಂದೆ ಏನು ಬರುತ್ತದೆ ಎಂಬುದನ್ನೂ ಅದು ತೋರಿಸಿತು. 1948ರಲ್ಲಿ ಆಕ್ಸ್‌ಫರ್ಡ್ ಮುದ್ರಿಸಿದ ಅದೇ ನಿಘಂಟಿನ ಹೊಸ ಆವೃತ್ತಿಗಳು ಇಂದು ನಮ್ಮ ಕಾಲೇಜುಗಳ ಗ್ರಂಥಾಲಯಗಳಲ್ಲಿವೆ. ನಾವು ಅದರಲ್ಲಿ ಅರ್ಥವನ್ನಷ್ಟೇ ನೋಡಿ ಮುಚ್ಚಿಡುತ್ತೇವೆ.

'ಡಿಸ್ಕಸ್ ಅಬೌಟ್ ಎಂದು ದೇಶವೇ ಹೇಳುತ್ತದೆ, ಇರಲಿ ಬಿಡಿ' ಎನ್ನುವ ಗೆಳೆಯರಿದ್ದಾರೆ. ಅರ್ಧ ಒಪ್ಪುತ್ತೇನೆ. ಆದರೆ ದೊಡ್ಡ ಶಹರದ ಹುಡುಗ ಹಾಗೆಂದರೆ ಯಾರ ಕಿವಿಗೂ ತಾಗುವುದಿಲ್ಲ. ಸಿಂದಗಿಯ ಹುಡುಗಿ ಅಂದರೆ ಸಂದರ್ಶನದ ಮೇಜಿನಾಚೆ ಒಬ್ಬರು ಮುಗುಳ್ನಗುತ್ತಾರೆ. ದಂಡ ಕಟ್ಟುವವಳು ಅವಳು. ಆದ್ದರಿಂದ 'ಇರಲಿ ಬಿಡಿ' ಎನ್ನುವ ಔದಾರ್ಯ ಅವಳಿಗೆ ಉಪಕಾರವಲ್ಲ.

ದಾರಿ ಸರಳವಿದೆ. 'ಡಿಸಿಷನ್ ಎಂದರೆ ನಿರ್ಧಾರ' ಎಂದು ಬರೆಸುವ ಬದಲು 'ಮೇಕ್ ಎ ಡಿಸಿಷನ್' ಎಂದೇ ಬರೆಸಿ. 'ಮ್ಯಾರೀಡ್' ಕಲಿಸುವ ದಿನವೇ 'ಟು' ಕಲಿಸಿ. ನಮ್ಮ 'ಜೋಡಿ' ಅಲ್ಲಿ 'ವಿತ್' ಆಗುವುದಿಲ್ಲ ಎಂದು ತೋರಿಸಿ. ಮೊದಲು ಮಕ್ಕಳು ಕನ್ನಡದ ಜೋಡಿ ಹೇಳಲಿ, ಪಕ್ಕದಲ್ಲಿ ಇಂಗ್ಲಿಷಿನ ಜೋಡಿ ಇಡಿ. ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂದು ಅವರೇ ಹುಡುಕುತ್ತಾರೆ. ಕನ್ನಡವನ್ನು ತರಗತಿಯಿಂದ ಹೊರಗಟ್ಟಿದರೆ ಈ ಹೋಲಿಕೆಯನ್ನು ಮಾಡುವುದು ಯಾವುದರಿಂದ?

ಇದಕ್ಕೆ ಹೊಸ ಪಠ್ಯಪುಸ್ತಕ ಬೇಕಿಲ್ಲ, ಸರ್ಕಾರದ ಆದೇಶವೂ ಬೇಕಿಲ್ಲ. ಮೇಷ್ಟ್ರುಗಳು ನಗುವುದನ್ನು ನಿಲ್ಲಿಸಿದರೆ ನಾಳೆಯೇ ಶುರು ಮಾಡಬಹುದು.