ಕವಿಯ ಸಾಲ ತೀರಿಸಿದ ನಿರ್ಮಾಪಕ

ಮುಂಬಯಿಯಿಂದ ಹೈದರಾಬಾದಿಗೆ ಬಂದ ಕಾರು ಎಮ್ಮೆಗೆ ಗುದ್ದಿತು. 1955ರ ಸುಮಾರಿನ ಮಾತು. ಕಾರಿನಲ್ಲಿದ್ದವರು ಹಿಂದಿ ಚಿತ್ರಗಳ ನಿರ್ದೇಶಕ, ನಿರ್ಮಾಪಕ ಗುರುದತ್ ಮತ್ತು ಅವರ ಸಂಭಾಷಣೆಕಾರ ಅಬ್ರಾರ್ ಅಲ್ವಿ. ಬಂದಿದ್ದು ಅಪ್ಪಟ ವ್ಯಾಪಾರಕ್ಕೆ. ಎಲ್.ವಿ. ಪ್ರಸಾದ್ ನಿರ್ದೇಶನದ ತೆಲುಗಿನ ‘ಮಿಸ್ಸಮ್ಮ’ ಚೆನ್ನಾಗಿ ಓಡುತ್ತಿತ್ತು, ಅದನ್ನು ಹಿಂದಿಗೆ ತಂದರೆ ಗಿಟ್ಟೀತೇ ಎಂದು ನೋಡಬೇಕಿತ್ತು. ಅಲ್ವಿ ಮುಂದೆ ಹೇಳಿಕೊಂಡಂತೆ, ಕಾರು ರಿಪೇರಿಯಾಗುವವರೆಗೆ ಇಬ್ಬರೂ ಊರಲ್ಲೇ ಉಳಿಯಬೇಕಾಯಿತು. ‘ಮಿಸ್ಸಮ್ಮ’ ಗುರುದತ್ ಅವರಿಗೆ ಹಿಡಿಸಲಿಲ್ಲ. ವಿತರಕರ ಕಚೇರಿಯಲ್ಲಿ ಕೂತಿದ್ದಾಗ ಹೊರಗೆ ಗದ್ದಲ ಕೇಳಿಸಿತು. ‘ರೋಜುಲು ಮಾರಾಯಿ’ ಚಿತ್ರದ ಒಂದೇ ಹಾಡಿಗೆ ಕುಣಿದು ಮನೆಮಾತಾಗಿದ್ದ ಹುಡುಗಿಯನ್ನು ಜನ ಮುತ್ತಿಕೊಂಡಿದ್ದರು. ಆಕೆಗೆ ಉರ್ದು ಬರುತ್ತದೆ ಎಂದು ತಿಳಿದದ್ದೇ ತಡ, ಗುರುದತ್ ಕರೆಸಿ ಮಾತಾಡಿಸಿದರು. ಅವರೇ ವಹೀದಾ ರೆಹಮಾನ್.

ಈ ಕಥೆಯನ್ನು ಎಲ್ಲರೂ ಅದೃಷ್ಟದ ಲೆಕ್ಕಕ್ಕೆ ಬರೆಯುತ್ತಾರೆ. ಅದೃಷ್ಟದ ಪಾಲು ಎಮ್ಮೆಯವರೆಗೆ ಮಾತ್ರ. ಆಮೇಲಿನದೆಲ್ಲ ನಿರ್ಮಾಪಕನ ಬುದ್ಧಿ. ಮುಂಬಯಿಗೆ ಕರೆಸಿಕೊಂಡಾಗ ಹೊಸ ಹುಡುಗಿ ಹೆಸರು ಬದಲಿಸಿಕೊಳ್ಳಲು ಒಪ್ಪಲಿಲ್ಲ. ಇಷ್ಟವಿಲ್ಲದ ಉಡುಪು ತೊಡುವುದಿಲ್ಲ ಎಂಬ ಮಾತನ್ನೂ ಕರಾರಿಗೆ ಸೇರಿಸಿ ಎಂದು ಪಟ್ಟುಹಿಡಿದರು. ವಯಸ್ಸು ಸಾಲದೆಂದು ತಾಯಿ ಸಹಿ ಹಾಕಬೇಕಿದ್ದ ಹುಡುಗಿಯ ಮಾತಿದು. ನಿರ್ದೇಶಕ ರಾಜ್ ಖೋಸ್ಲಾ ಸಿಡಿಮಿಡಿಗೊಂಡರು, ಗುರುದತ್ ಒಪ್ಪಿದರು. ಒಪ್ಪಿದರೂ ಮುಂದೆ ಮಾಡಲಿದ್ದ ‘ಪ್ಯಾಸಾ’ ಚಿತ್ರಕ್ಕೆ ನೇರ ಇಳಿಸಲಿಲ್ಲ. ಮೊದಲು ಖೋಸ್ಲಾ ಕೈಯಲ್ಲಿದ್ದ ‘ಸಿ.ಐ.ಡಿ.’ (1956) ಎಂಬ ಪತ್ತೇದಾರಿ ಚಿತ್ರದಲ್ಲಿ ಪರೀಕ್ಷೆ. ಸೋತರೂ ಕಥೆಗೆ, ದೇವಾನಂದ್ ಹೆಸರಿಗೆ ಜನ ಬರುತ್ತಾರೆ. ಗೆದ್ದರೆ ಮುಂದಿನ ಚಿತ್ರಕ್ಕೆ ನಾಯಕಿ ಸಿದ್ಧ.

ನಮ್ಮಲ್ಲಿ ಗುರುದತ್ ಎಂದರೆ ಶಾಲು ಹೊದ್ದ ಕವಿ, ಬಾಗಿಲಲ್ಲಿ ಎರಡೂ ಕೈ ಚಾಚಿ ನಿಂತ ಆಕೃತಿ, ಸಿಗರೇಟಿನ ಹೊಗೆ, ಕೊನೆಗೊಂದು ದುರಂತ. 2025ರಲ್ಲಿ ಜನ್ಮಶತಮಾನೋತ್ಸವ ಬಂದಾಗಲೂ ಇದೇ ಚಿತ್ರ. ಕನ್ನಡಿಗರು ಅದಕ್ಕೆ ಒಂದು ಸಾಲು ಸೇರಿಸುತ್ತೇವೆ: 1925ರ ಜುಲೈ 9ರಂದು ಹುಟ್ಟಿದ್ದು ಬೆಂಗಳೂರಿನಲ್ಲಿ. ನಿಜ. ಆದರೆ ಪಡುಕೋಣೆ ಮನೆತನದ ಈ ಕೊಂಕಣಿ ಹುಡುಗ ಬೆಳೆದದ್ದು ಕಲ್ಕತ್ತೆಯಲ್ಲಿ, ನೃತ್ಯ ಕಲಿತದ್ದು ಅಲ್ಮೋರಾದ ಉದಯಶಂಕರರ ಕೇಂದ್ರದಲ್ಲಿ, ಸಿನಿಮಾ ಕಲಿತದ್ದು ಪುಣೆಯ ಪ್ರಭಾತ್‌ನಲ್ಲಿ. ಜನನ ಪತ್ರದ ಅಭಿಮಾನ ಬಲು ಅಗ್ಗದ್ದು. ಈ ಸಡಗರದಲ್ಲಿ ಅವರ ಲೆಕ್ಕದ ಪುಸ್ತಕ ಯಾರಿಗೂ ಬೇಡವಾಗಿದೆ.

ಆ ಪುಸ್ತಕ ತೆರೆದರೆ ಬೇರೆಯೇ ಮನುಷ್ಯ ಕಾಣುತ್ತಾನೆ. ‘ಬಾಜ್’ (1953) ಸೋತ ಮೇಲೆ ಸ್ವಂತ ಸಂಸ್ಥೆಯಲ್ಲಿ ಬಂದದ್ದು ಟ್ಯಾಕ್ಸಿ ಚಾಲಕನೊಬ್ಬನ ಲಘು ಕಥೆ ‘ಆರ್ ಪಾರ್’ (1954). ಬೆನ್ನಿಗೇ ನಗಿಸುವ ‘ಮಿಸ್ಟರ್ ಅಂಡ್ ಮಿಸೆಸ್ 55’, ಆಮೇಲೆ ‘ಸಿ.ಐ.ಡಿ.’. ಮೂರೂ ಗೆದ್ದವು. ಆಗ ಮಾತ್ರ ‘ಪ್ಯಾಸಾ’ (1957). ದಿಲೀಪ್ ಕುಮಾರ್ ಮಾಡಬೇಕಿದ್ದ ಪಾತ್ರ ಅದು. ಅವರು ಬಾರದೆ ಹೋದಾಗ ಗುರುದತ್ ತಾವೇ ಬಣ್ಣ ಹಚ್ಚಿದರು. ‘ಕಾಗಜ್ ಕೆ ಫೂಲ್’ (1959) ನೆಲಕಚ್ಚಿದಾಗ ಊಟ ಬಿಟ್ಟು ಕೂತರೆ ನಡೆಯುವಂತಿರಲಿಲ್ಲ, ಸಂಬಳ ಕಾಯುವವರು ಇದ್ದರು. ಮರುವರ್ಷವೇ ಎಂ. ಸಾದಿಕ್ ನಿರ್ದೇಶನದಲ್ಲಿ ‘ಚೌದ್‌ವೀ ಕಾ ಚಾಂದ್’. ಲಖನೌದ ನವಾಬಿ ಹಿನ್ನೆಲೆ, ಪರದೆ, ಒಂದು ಮುಖದ ಗೊಂದಲ, ರವಿಯ ಹಾಡುಗಳು. ಜನ ಮುಗಿಬಿದ್ದರು. ಸಂಸ್ಥೆ ಉಸಿರಾಡಿತು. ಅದೇ ಉಸಿರಿನಲ್ಲಿ ‘ಸಾಹಿಬ್ ಬೀಬಿ ಔರ್ ಗುಲಾಮ್’ (1962) ತಯಾರಾಯಿತು. ನಿರ್ದೇಶಕನ ಹೆಸರು ಅಬ್ರಾರ್ ಅಲ್ವಿ. ಸೋತ ಮೇಲೆ ನಿರ್ದೇಶಕನಾಗಿ ತಮ್ಮ ಹೆಸರು ಹಾಕಿಕೊಳ್ಳದ ಗುರುದತ್, ನಿರ್ಮಾಪಕನಾಗಿ ಹಿಂದೆ ಸರಿಯಲಿಲ್ಲ. ಕವಿ ಮಾಡಿದ ಸಾಲವನ್ನು ವ್ಯಾಪಾರಿ ತೀರಿಸಿದ ಎನ್ನುವುದು ಇದಕ್ಕೇ.

ಸೋತ ‘ಕಾಗಜ್ ಕೆ ಫೂಲ್’ನಲ್ಲಿ ದುಡ್ಡು ಎಲ್ಲಿ ಹೋಯಿತು ಎಂದು ಕೇಳುವವರು ಒಂದು ದೃಶ್ಯ ನೋಡಬೇಕು. ಖಾಲಿ ಸ್ಟುಡಿಯೊ. ಮೇಲಿನಿಂದ ಬೆಳಕಿನ ಒಂದು ಕೋಲು ಕತ್ತಲನ್ನು ಸೀಳಿ ಇಳಿಯುತ್ತದೆ, ದೂಳು ಅದರೊಳಗೆ ತೇಲುತ್ತದೆ. ದೀಪದಿಂದ ಅಂಥ ಬೆಳಕು ಬರುವುದಿಲ್ಲ. ಹೊರಗೆ ಬಿಸಿಲಿಗೆ ಒಂದು ದೊಡ್ಡ ಕನ್ನಡಿ, ಒಳಗೆ ಎತ್ತರದಲ್ಲಿ ಇನ್ನೊಂದು. ಸೂರ್ಯ ಸರಿದಂತೆ ಕನ್ನಡಿಯನ್ನೂ ಸರಿಸಬೇಕು. ಹಾಗೆ ಮಾಡಿದವರು ಮೈಸೂರಿನ ವಿ.ಕೆ. ಮೂರ್ತಿ, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಓದಿದವರು. ‘ಬಾಜಿ’ (1951) ಚಿತ್ರೀಕರಣದಲ್ಲಿ ಸಹಾಯಕರಾಗಿದ್ದ ಮೂರ್ತಿ ಒಂದು ಕಷ್ಟದ ಶಾಟ್ ತೆಗೆದು ತೋರಿಸಿದ್ದಕ್ಕೆ ಮುಂದಿನ ‘ಜಾಲ್’ನಿಂದ ಕ್ಯಾಮೆರಾ ಅವರದಾಯಿತು. ದೇಶದ ಮೊದಲ ಸಿನಿಮಾಸ್ಕೋಪ್ ಚಿತ್ರವಾದ ಈ ‘ಕಾಗಜ್ ಕೆ ಫೂಲ್’ ಅನ್ನು ಸೆರೆಹಿಡಿದದ್ದೂ ಅವರೇ. 2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಬಂದಾಗ, ಅದನ್ನು ಪಡೆದ ಮೊದಲ ಛಾಯಾಗ್ರಾಹಕ ಎನಿಸಿದರು. ಗುರುದತ್ ಮೇಲೆ ಕನ್ನಡಿಗರಿಗೆ ಹಕ್ಕು ಇದ್ದರೆ ಅದು ಈ ಬೆಳಕಿನ ಕೋಲಿನ ಮೂಲಕ.

ಆದರೆ ಒಂದು ಮಾತು. ಗೆದ್ದ ಚಿತ್ರದ ಹಣವನ್ನು ಮುಂದಿನದಕ್ಕೆ ಸುರಿಯುವ ಈ ಪದ್ಧತಿ ಒಬ್ಬನ ಹೆಗಲ ಮೇಲೆ ನಿಂತದ್ದು. ಹೆಗಲು ಕುಸಿದರೆ ಎಲ್ಲ ಕುಸಿಯುತ್ತದೆ. ಇದಕ್ಕೆ ಉತ್ತರ ಸಿಕ್ಕಿದ್ದು ಅದೇ ಬಳಗದಲ್ಲಿ, ಅದೂ ಹೈದರಾಬಾದಿನಲ್ಲೇ ಹುಟ್ಟಿದವರಿಂದ. ಗುರುದತ್ ತಾಯಿಯ ತಾಯಿ, ನಿರ್ದೇಶಕ ಶ್ಯಾಮ್ ಬೆನಗಲ್ ತಂದೆಯ ತಾಯಿ ಅಕ್ಕತಂಗಿಯರು. ತಿರುಮಲಗಿರಿಯಲ್ಲಿ ಹುಟ್ಟಿ ನಿಜಾಂ ಕಾಲೇಜಿನಲ್ಲಿ ಓದಿದ ಬೆನಗಲ್, ಮುಂಬಯಿಗೆ ಹೋಗಿ ಜಾಹೀರಾತು ಬರೆದರು. ‘ಅಂಕುರ್’ಗೆ (1974) ದುಡ್ಡು ಹಾಕಿದ್ದು ಜಾಹೀರಾತು ಚಿತ್ರಗಳ ವಹಿವಾಟಿನ ಬ್ಲೇಜ್ ಸಂಸ್ಥೆ. ಚಿತ್ರದಲ್ಲಿ ಅನಂತನಾಗ್, ಶಬಾನಾ ಆಜ್ಮಿ ನಟಿಸಿದರು. ಮಾತು ದಖನಿ. ಹೈದರಾಬಾದಿನ ನಾರಾಯಣಗೂಡದ ಚೌರಸ್ತಾದಲ್ಲಿ ಇಂದಿಗೂ ಕಿವಿಗೆ ಬೀಳುವ, ‘ನಕ್ಕೋ’ ‘ಹೌ’ ಬೆರೆತ ಆ ಮಾತು ಬೀದರ್, ಕಲಬುರಗಿಯವರಿಗೆ ಅನುವಾದ ಕೇಳುವುದಿಲ್ಲ. ಪಕ್ಕದ ಕಾಚಿಗುಡದ ನೃಪತುಂಗ ಶಾಲೆಯಲ್ಲಿ ಓದಿದ ಕನ್ನಡದ ಮಕ್ಕಳಿಗಂತೂ ಅದು ಬೀದಿಯ ಭಾಷೆ. ‘ಮಂಥನ್’ಗೆ (1976) ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಕೊಟ್ಟರು. ‘ಸುಸ್ಮನ್’ (1987) ಕೈಮಗ್ಗದ ಸಹಕಾರಿ ಸಂಘಗಳ ಹಣದಿಂದ ಬಂತು.

5 ಲಕ್ಷ ನಿರ್ಮಾಪಕರಿದ್ದರೆ ಸೋಲು ತಲೆಗೆ 2 ರೂಪಾಯಿ. ಹಾಗೆಂದು ಬೆನಗಲ್ ದಾರಿಯೇ ಸರಿ ಎನ್ನಲಾಗದು. ಹಣ ಕೊಟ್ಟ ಸಂಘಕ್ಕೆ ವಿಷಯ ಹೊಂದಬೇಕು. ಹಾಲಿನ ಬಗ್ಗೆ, ಮಗ್ಗದ ಬಗ್ಗೆ ಚಿತ್ರವಾಗುತ್ತದೆ, ‘ಸಾಹಿಬ್ ಬೀಬಿ ಔರ್ ಗುಲಾಮ್’ನಂತೆ ಕುಡಿದು ಹಾಳಾಗುವ ಜಮೀನ್ದಾರನ ಹೆಂಡತಿಯ ಬಗ್ಗೆ ಯಾವ ಸಹಕಾರಿ ಸಂಘವೂ ಹಣ ಕೊಡುವುದಿಲ್ಲ. ಅದಕ್ಕೆ ಗುರುದತ್ ತರಹದ ಹುಂಬನೇ ಬೇಕಿತ್ತು.

1964ರ ಅಕ್ಟೋಬರ್ 10ರಂದು ಗುರುದತ್ ತೀರಿಕೊಂಡಾಗ ಅವರಿಗೆ 39. ‘ಬಹಾರೇಂ ಫಿರ್ ಭೀ ಆಯೇಂಗಿ’ ಅರ್ಧಕ್ಕೆ ನಿಂತಿತ್ತು. ನಾಯಕನ ಜಾಗಕ್ಕೆ ಧರ್ಮೇಂದ್ರ ಬಂದು, ಆ ಭಾಗಗಳನ್ನು ಮತ್ತೆ ಚಿತ್ರೀಕರಿಸಿ, 1966ರಲ್ಲಿ ಅದೇ ಗುರುದತ್ ಫಿಲ್ಮ್ಸ್ ಹೆಸರಿನಲ್ಲಿ ಚಿತ್ರ ಬಿಡುಗಡೆಯಾಯಿತು.