ನಂದೂರಿನ ಸುತ್ತಲೂ ನೋಡೋಣ

ಪ್ರವಾಸವೆಂದರೆ ಬೆಟ್ಟ, ಜಲಪಾತ, ಕಡಲತೀರ ಎಂಬ ಭಾವನೆ ಬೇರೂರಿದೆ. ಇದರ ಫಲವಾಗಿ ರಜಾದಿನಗಳಲ್ಲಿ ಮಲೆನಾಡಿನ ದಾರಿಗಳು ವಾಹನಗಳಿಂದಲೂ ಹಳ್ಳಗಳು ಪ್ಲಾಸ್ಟಿಕ್ಕಿನಿಂದಲೂ ತುಂಬುತ್ತಿವೆ. ಕಲಬುರಗಿಯ ಬಯಲಿನತ್ತ ಹೊರಳುವವರು ವಿರಳ.

ನಗರದ ಅಂಚಿನ ನಂದೂರಿನಿಂದ ಹೊರಟವರಿಗೆ ಎರಡು ಸಾವಿರ ವರ್ಷಗಳ ಚರಿತ್ರೆ ಎದುರಾಗುತ್ತದೆ. ಕಲಬುರಗಿ ಕೋಟೆಯೊಳಗೆ 1367ರಲ್ಲಿ ಕಟ್ಟಿದ, ತೆರೆದ ಅಂಗಳವಿಲ್ಲದೆ ಪೂರ್ಣ ಛಾವಣಿ ಹೊದ್ದ ಜಾಮಿಯಾ ಮಸೀದಿಯಿದೆ. ಕಾಗಿಣಾ ದಂಡೆಯ ಮಳಖೇಡವು ಅಮೋಘವರ್ಷ ನೃಪತುಂಗನ ರಾಜಧಾನಿಯಾಗಿತ್ತು. ಭೀಮಾತೀರದ ಸನ್ನತಿಯ ಬಳಿಯ ಕನಗನಹಳ್ಳಿಯಲ್ಲಿ 1990ರ ದಶಕದ ಉತ್ಖನನವು ‘ರಾಯೊ ಅಸೋಕೊ’ ಎಂಬ ಬರಹವುಳ್ಳ ಅಶೋಕನ ಶಿಲ್ಪವನ್ನು ಬೆಳಕಿಗೆ ತಂದಿತು. ಕಮಲಾಪುರದ ಕಡೆ ಹೊಳಕುಂದಾದ ಬಹಮನಿ ಕಾಲದ ಗುಮ್ಮಟಗಳಿವೆ. ಭೌಗೋಳಿಕ ಸೂಚ್ಯಂಕ ಪಡೆದ ಕೆಂಪು ಬಾಳೆಯ ತೋಟಗಳಿವೆ. ರೈತರು ಉಳಿಸಿಕೊಂಡು ಬಂದ ತಳಿಯೂ ಕೋಟೆಯಷ್ಟೇ ನೋಡತಕ್ಕ ಪರಂಪರೆ.

ಆದರೆ ಪ್ರವಾಸಿಗರು ಬಂದ ಮಾತ್ರಕ್ಕೆ ಊರು ಉದ್ಧಾರವಾಗದು. ಲಾಭ ರೆಸಾರ್ಟಿಗೆ, ಕಸ ಹಳ್ಳಿಗೆ ಎಂಬ ಮಲೆನಾಡಿನ ಪಾಡು ಇಲ್ಲಿ ಮರುಕಳಿಸಬಾರದು. ಸ್ಥಳೀಯ ಯುವಕ ಯುವತಿಯರೇ ಮಾರ್ಗದರ್ಶಕರಾಗಲಿ; ರೈತರ ಮನೆಯ ಜೋಳದ ರೊಟ್ಟಿ, ತೊಗರಿ ಬೇಳೆಯೇ ಅತಿಥಿಗಳ ಊಟವಾಗಲಿ; ನೀರು, ಕಸದ ನಿಯಮಗಳನ್ನು ಗ್ರಾಮಸಭೆಯೇ ಮೊದಲು ನಿರ್ಧರಿಸಲಿ. ಬೆಟ್ಟದ ಶಾಲೆಗಳು ಈ ವರ್ಷದ ಶೈಕ್ಷಣಿಕ ಪ್ರವಾಸವನ್ನು ಬಯಲಿನತ್ತ ತಿರುಗಿಸಲಿ. ಬೆಟ್ಟಕ್ಕೂ ತುಸು ವಿಶ್ರಾಂತಿ ಬೇಕು.