ಹಸುವಿನ ಉಪ್ಪು ಇರಲಿ, ಸಾರಿನ ಉಪ್ಪು ಇಳಿಯಲಿ



ಬಿ.ಪಿ. ಬಂದವರು ಉಪ್ಪು ಬಿಟ್ಟು ಸೊಪ್ಪು ತಿನ್ನಬಹುದೇ ಎಂದು ಕೇಳುತ್ತೀರಿ. ಇದಕ್ಕೆ ಅರ್ಧ ಉತ್ತರ ನಿಮ್ಮ ಕೊಟ್ಟಿಗೆಯಲ್ಲೇ ಇದೆ. ಹೊಟ್ಟೆ ತುಂಬ ಹಸಿರು ಮೇವು ತಿಂದ ಹಸುವೂ ಉಪ್ಪು ಕಂಡರೆ ನಾಲಿಗೆ ಚಾಚುತ್ತದೆ. ಮೇವಿನಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಬಹಳ ಕಡಿಮೆ. ದಿನವೂ ಹಾಲಿನೊಂದಿಗೆ ಹೊರಹೋಗುವ ಸೋಡಿಯಂ ಅನ್ನು ಹುಲ್ಲು ತುಂಬಿಕೊಡಲಾರದು.

ಹಸುವಿಗೆ ಕೊರತೆಯಾಗುವ ಇದೇ ಗುಣ ನಮಗೆ ಅನುಕೂಲ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ ಒಂದು ಟೀ ಚಮಚವೂ ಪೂರ್ತಿ ಇಲ್ಲ. ಸಾರು, ಪಲ್ಯ, ಮುದ್ದೆ, ಮಜ್ಜಿಗೆ, ಮೇಲೆ ಉಪ್ಪಿನಕಾಯಿ, ಹಪ್ಪಳ. ನೀವೇ ಲೆಕ್ಕ ಹಾಕಿ.

ಉಪ್ಪಿಗಿಂತ ರುಚಿಯಿಲ್ಲ ಅನ್ನುವ ಗಾದೆಯನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಹುಳಿ, ಖಾರ, ಘಮ ಇದ್ದರೆ ಉಪ್ಪು ಕಡಿಮೆಯಾದದ್ದು ನಾಲಿಗೆಗೆ ಅಷ್ಟಾಗಿ ಗೊತ್ತಾಗದು. ಹೊಲದಲ್ಲಿ ಕಳೆ ಎಂದು ಕಿತ್ತೆಸೆಯುವ ಗೋಣಿಸೊಪ್ಪಿಗೆ ತನ್ನದೇ ಹುಳಿಯಿದೆ. ಬೇಳೆ, ಟೊಮೆಟೊ ಜೊತೆ ಮಸ್ಸೊಪ್ಪು ಮಾಡಿ, ಉಪ್ಪು ಅರ್ಧ ಹಾಕಿ, ಅದನ್ನೂ ಇಳಿಸುವಾಗ ಹಾಕಿ. ದೊಡ್ಡಪತ್ರೆಯ ತಂಬುಳಿಗೆ ಚಿಟಿಕೆ ಸಾಕು. ಮಜ್ಜಿಗೆಗೆ ಶುಂಠಿ, ಕರಿಬೇವು, ಹಸಿಮೆಣಸು ಜಜ್ಜಿ ಹಾಕಿದರೆ ಉಪ್ಪೇ ಬೇಡ ಅನ್ನಿಸುತ್ತದೆ. ಮೊದಲ ಕೆಲವು ವಾರ ಮನೆಯಲ್ಲಿ 'ಸಪ್ಪೆ' ಎಂಬ ದೂರು ಬಂದೇ ಬರುತ್ತದೆ. ಆಗ ಉಪ್ಪಿನ ಬಟ್ಟಲು ಮುಂದಿಡಬೇಡಿ, ನಿಂಬೆಹೋಳು ಇಡಿ. ನಾಲಿಗೆ ನಿಧಾನವಾಗಿ ಒಗ್ಗುತ್ತದೆ.

ಸಮುದ್ರತೀರದ ಉಪ್ಪುನೆಲದಲ್ಲಿ ಸ್ಯಾಲಿಕಾರ್ನಿಯಾ ಎಂಬ ಗಿಡ ಬೆಳೆಯುತ್ತದೆ. ಗುಜರಾತಿನ ಭಾವನಗರದ ಸಂಶೋಧನಾ ಸಂಸ್ಥೆಯವರು ಅದರಿಂದ ಉಪ್ಪನ್ನೇ ತೆಗೆದಿದ್ದಾರೆ. ಆದರೆ ಗಿಡದ ಉಪ್ಪಾದ ಮಾತ್ರಕ್ಕೆ ಸೋಡಿಯಂ ಮಾಯವಾಗುವುದಿಲ್ಲ. ದುಡ್ಡು ಕೊಟ್ಟು ಅಂಥದ್ದನ್ನು ತರುವುದಕ್ಕಿಂತ ಹಿತ್ತಲ ಸೊಪ್ಪೇ ವಾಸಿ ಎಂಬುದು ನನ್ನ ಅಭಿಪ್ರಾಯ.

ಬಳಸುವ ಅಷ್ಟಿಷ್ಟು ಉಪ್ಪು ಅಯೋಡಿನ್ ಇರುವುದೇ ಆಗಿರಲಿ. ಸೊಪ್ಪು ಅದರ ಜಾಗ ತುಂಬುವುದಿಲ್ಲ. ಮೂತ್ರಪಿಂಡದ ತೊಂದರೆ ಇರುವವರಿಗೆ ಪೊಟ್ಯಾಸಿಯಂ ಹೆಚ್ಚಾದರೆ ಅಪಾಯ. ಅವರು ಸೊಪ್ಪು ಹೆಚ್ಚಿಸುವ ಮೊದಲು, 'ಕಡಿಮೆ ಸೋಡಿಯಂ' ಎಂದು ಮಾರುವ ಉಪ್ಪು ಕೊಳ್ಳುವ ಮೊದಲು ವೈದ್ಯರನ್ನು ಕೇಳಲೇಬೇಕು. ಕಲ್ಲಿನ ತೊಂದರೆ ಇದ್ದವರಿಗೆ ಗೋಣಿಸೊಪ್ಪು ಬೇಡ. ಬಿ.ಪಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಇನ್ನು ಮನೆಯಲ್ಲಿ ಉಪ್ಪು ಇಳಿಸಿದ ಹುರುಪಿನಲ್ಲಿ ಹಸುವಿನ ಉಪ್ಪಿಗೆ ಕೈ ಹಾಕಬೇಡಿ. ಹಾಲು ಕರೆಯುವ ಹಸುವಿಗೆ ದಿನಕ್ಕೆ ಸುಮಾರು 30 ಗ್ರಾಂ ಉಪ್ಪು, ಜೊತೆಗೆ ಖನಿಜ ಮಿಶ್ರಣ, ಕುಡಿಯಲು ಬೇಕಾದಷ್ಟು ನೀರು ಬೇಕು. ಹಸುವಿನ ಜ್ವರ ನೋಡಲು ನಮ್ಮನ್ನು ರಾತ್ರಿಯಲ್ಲೂ ಕರೆಯುತ್ತೀರಿ, ಬರುತ್ತೇವೆ. ನಿಮ್ಮ ಬಿ.ಪಿ. ಕೊನೆಯ ಸಲ ನೋಡಿಸಿದ್ದು ಯಾವಾಗ?